ಗುರುತಿಲ್ಲದ ಹತ್ತು ಜನ

“ಒಂದೇ ಒಂದು ಆಲ್ಬಮ್ ಮಾಡ್ತೀನಿ. ಅದು ಬಂದ ತಿಂಗಳೊಳಗೆ ಗುರುತು ಪರಿಚಯ ಇಲ್ಲದ ಹತ್ತು ಜನ ಚೆನ್ನಾಗಿದೆ ಅಂದ್ರೆ ಸರಿ. ಇಲ್ಲಾಂದ್ರೆ ಮತ್ತೆ ಗಿಟಾರ್ ಮುಟ್ಟಲ್ಲ. ಮಾತು ಅಂದ್ರೆ ಮಾತು.”

ಅಮ್ಮನಿಗೆ ಅಪ್ಪ ಹೀಗೆ ಮಾತು ಕೊಟ್ಟಾಗ ಮೆಣಸು ತೊಟ್ಟಿಲಲ್ಲಿ ಮಲಗಿ ತನ್ನ ಕಾಲಿನ ಬೆರಳು ತಾನೇ ಚೀಪುತ್ತಿದ್ದಳು. ಈಗ ಅವಳು ಐದನೇ ಕ್ಲಾಸು. ಆಳು ಸಣ್ಣ, ಬಾಯಿ ಖಾರ ಅಂತ ಮನೆಯಲ್ಲಿ ಅವಳಿಗೆ ಆ ಹೆಸರು. ಆಲ್ಬಮ್ ಕೊನೆಗೂ ಬಂದಿತ್ತು. ಬಂದು ಎರಡು ವಾರವೂ ಕಳೆದಿತ್ತು.

“ಅಪ್ಪಾ, ಹೊಸ ಕಾಮೆಂಟ್!” ಎಂದು ಮೆಣಸು ಕೂಗಿದಳು.

ಅಪ್ಪ ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಬಚ್ಚಲಿನಿಂದ ಓಡಿ ಬಂದ. “ಓದು, ಓದು. ಕಣ್ಣು ಉರೀತಿದೆ.”

ಮೆಣಸು ಫೋನ್ ಹಿಡಿದು ಗಟ್ಟಿಯಾಗಿ ಓದಿದಳು. “‘ಈ ಗಾಯಕ ಕಿರುಚುವುದು ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡವರ ಹಾಗಿದೆ. ಯಾರಾದರೂ ಬಾಗಿಲು ತೆಗೆಯಿರಪ್ಪಾ.’”

ಅವಳಿಗೆ ಕಿಸಕ್ಕನೆ ನಗು ಬಂತು. ನಕ್ಕ ಮೇಲೆ ಅಪ್ಪನ ಮುಖ ನೋಡಿದಳು. ನೊರೆಯ ನಡುವೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅವು ನಗುತ್ತಿರಲಿಲ್ಲ.

“ಗಿಟಾರ್ ಬಗ್ಗೆ ಏನೂ ಇಲ್ವಾ?”

“ಇಲ್ಲ ಅಪ್ಪ.”

“ಹೂಂ,” ಎಂದು ಅಪ್ಪ ಬಚ್ಚಲಿಗೆ ವಾಪಸ್ ಹೋದ. ನಲ್ಲಿಯ ನೀರು ತುಂಬಾ ಹೊತ್ತು ಸುರಿಯುತ್ತಲೇ ಇತ್ತು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದಲ್ಲಿ ಯಾರು ಎಷ್ಟು ಹೊತ್ತಿಗೆ ಸಿಕ್ಕಿಕೊಂಡರೂ ಅಪ್ಪನಿಗೆ ಫೋನ್ ಬರುತ್ತಿತ್ತು. ಉಳಿದ ಸಮಯದಲ್ಲಿ ಅವನು ಮನೆಯ ಸಣ್ಣ ರೂಮಿನಲ್ಲಿ ಇರುತ್ತಿದ್ದ. ಆ ರೂಮಿನ ಗೋಡೆಗಳಿಗೆಲ್ಲ ಸದ್ದು ತಡೆಯಲು ಹಳೇ ಕಂಬಳಿ ಹೊಡೆದಿತ್ತು. ಒಳಗೆ ಗಿಟಾರ್, ಒಂದು ಮೈಕು, ಒಂದು ಕಂಪ್ಯೂಟರ್. “ಮಿಕ್ಸಿ ಹಾಕ್ಬೇಡ, ರೆಕಾರ್ಡಿಂಗ್!” ಎಂದು ಒಳಗಿನಿಂದ ಅಪ್ಪ ಕೂಗಿದರೆ, “ಹಾಗಾದ್ರೆ ಚಟ್ನಿ ಬದಲು ಹಾಡೇ ನೆಂಚ್ಕೊಳ್ಳಿ!” ಎಂದು ಹೊರಗಿನಿಂದ ಅಮ್ಮ ಕೂಗುತ್ತಿದ್ದಳು.

ಅಪ್ಪ ಒಂದು ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ, ಹಾಡುವವರು ಬೇರೊಬ್ಬ ಅಂಕಲ್. ಅವರೆಲ್ಲ ಸೇರಿ ಮಾಡುತ್ತಿದ್ದದ್ದು ಪ್ರೊಗ್ರೆಸಿವ್ ಪವರ್ ಮೆಟಲ್ ಎನ್ನುವ ಅಬ್ಬರದ ರಾಕ್ ಸಂಗೀತ. ಹಾಗಂದ್ರೇನು ಎಂದು ಮೆಣಸು ಒಮ್ಮೆ ಕೇಳಿದ್ದಳು.

“ಪವರ್ ಅಂದ್ರೆ ಕತ್ತಿ, ಕುದುರೆ, ಬಿರುಗಾಳಿ, ಆಕಾಶ ಮುಟ್ಟೋ ದನಿ. ಪ್ರೊಗ್ರೆಸಿವ್ ಅಂದ್ರೆ, ತಾಳ ತಪ್ಪಿತು ಅನ್ಸುತ್ತೆ, ಆದ್ರೆ ತಪ್ಪಿರಲ್ಲ.”

“ನಿಮ್ಮ ಡ್ಯೂಟಿ ಟೈಮಿನ ಥರ ಅನ್ನಿ,” ಎಂದಿದ್ದಳು ಅಮ್ಮ. ಅಮ್ಮ ನರ್ಸ್. ಅವಳ ಡ್ಯೂಟಿಯೂ ಹಾಗೇ ಇತ್ತು.

ಆಲ್ಬಮ್ಮಿನ ಹೆಸರು ‘ತುದಿಯಿಲ್ಲದ ಗೋಪುರ’. ಒಬ್ಬ ಸೈನಿಕ ಒಂದು ಗೋಪುರ ಹತ್ತುತ್ತಾನೆ. ಒಂದೊಂದು ಹಾಡೂ ಒಂದೊಂದು ಅಂತಸ್ತು. ಮುಂದಿನ ಹಲ್ಲು ಬಿದ್ದಿದ್ದ ದಿನಗಳಲ್ಲಿ ಮೆಣಸು ಕೂಡ ಮೈಕಿನ ಮುಂದೆ ನಿಂತು ಕೊನೆಯ ಹಾಡಿಗೆ ಒಂದು ರಾಗ ಗುನುಗಿದ್ದಳು. ಹಲ್ಲಿನ ಸಂದಿಯಿಂದ ಸುಯ್ ಸುಯ್ ಎಂದು ಗಾಳಿ ಬರುತ್ತಿತ್ತು. “ಇದೇ ಬೇಕಾಗಿತ್ತು ಕಣೆ!” ಎಂದು ಅಪ್ಪ ಅವಳನ್ನು ಎತ್ತಿ ತಿರುಗಿಸಿದ್ದ.

ಆಲ್ಬಮ್ ಬಂದ ದಿನ ಬ್ಯಾಂಡಿನವರೆಲ್ಲ ಮನೆಗೆ ಬಂದು ಜ್ಯೂಸ್ ಕುಡಿದು ಎಲ್ಲ ಹಾಡು ಹಾಕಿ ಕೇಳಿದ್ದರು. ಕೊನೆಯ ಹಾಡು ಬರುವ ಹೊತ್ತಿಗೆ ಮೆಣಸು ಸೋಫಾದ ಮೇಲೆ ನಿದ್ದೆ ಹೋಗಿದ್ದಳು.

ಮೊದಲ ಕೆಲವು ದಿನ ಒಂದು ಕಾಮೆಂಟೂ ಇರಲಿಲ್ಲ. ಆಮೇಲೆ ಬರತೊಡಗಿದವು. ಬರದೇ ಇದ್ದಿದ್ದರೇ ಒಳ್ಳೆಯದಿತ್ತು.

‘ಹಾಡು ಹದಿನಾಲ್ಕು ನಿಮಿಷ. ನಾನು ನಾಲ್ಕಕ್ಕೇ ಓಡಿಹೋದೆ.’

‘ಡ್ರಮ್ಮೋ, ಮೆಟ್ಟಿಲ ಮೇಲೆ ಉರುಳಿದ ಪಾತ್ರೆಯೋ?’

‘ಗಿಟಾರ್ ಪರವಾಗಿಲ್ಲ.’

“ನೋಡ್ರೀ, ಪರವಾಗಿಲ್ಲ ಅಂದಿದಾರೆ. ಅದನ್ನೂ ಲೆಕ್ಕಕ್ಕೆ ಹಿಡೀರಿ,” ಎಂದಳು ಅಮ್ಮ.

“ಪರವಾಗಿಲ್ಲ ಅಂದ್ರೆ ಪರವಾಗಿಲ್ಲ ಅಷ್ಟೇ. ಚೆನ್ನಾಗಿದೆ ಅಂತ ಅಲ್ಲ,” ಎಂದ ಅಪ್ಪ.

ಒಂದು ಕಾಮೆಂಟಿನಲ್ಲಿ ಬೈಗುಳ ಇರಲಿಲ್ಲ. ತಮಾಷೆಯೂ ಇರಲಿಲ್ಲ. ‘ಇವರು ತುಂಬಾ ಕಷ್ಟಪಟ್ಟಿದ್ದಾರೆ. ಪಾಪ, ಇದು ಹದಿನೈದು ವರ್ಷದ ಹಿಂದೆ ಬಂದಿದ್ದರೆ ಹೊಸದಾಗಿರುತ್ತಿತ್ತು.’ ಅಪ್ಪ ಅದನ್ನು ಊಟ ಮಾಡುತ್ತಾ ಓದುತ್ತಿದ್ದ, ಶೂ ಹಾಕಿಕೊಳ್ಳುತ್ತಾ ಓದುತ್ತಿದ್ದ. ಸ್ನಾನ ಮಾಡುವಾಗ ಗುನುಗುವುದನ್ನು ನಿಲ್ಲಿಸಿಬಿಟ್ಟ. ಸಣ್ಣ ರೂಮಿನ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ಚೆನ್ನಾಗಿದೆ ಎಂದವರು ಇಬ್ಬರೇ.

“ಅಮ್ಮಾ, ಆ ಮಾತು ಬೇಡಾಂತ ನೀನೇ ಹೇಳ್ಬಿಡಮ್ಮ,” ಎಂದು ಮೆಣಸು ಅಡುಗೆಮನೆಗೆ ಹೋಗಿ ಅಮ್ಮನ ಸೊಂಟ ಹಿಡಿದುಕೊಂಡಳು.

“ಹೇಳಿದೆ ಕಣೆ. ಆಗ್ಲೇ ಹೇಳಿದೆ.” ಅಮ್ಮ ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. “ನಾನು ಕೇಳಿದ ಮಾತೇ ಅಲ್ಲ ಅದು. ಅವರೇ ಕೊಟ್ಟಿದ್ದು.”

“ಅದಕ್ಕೆ ಅಪ್ಪ ಏನಂದ?”

“‘ನೀನು ಬಿಡಬಹುದು, ನಾನು ಬಿಡೋದು ಹೇಗೆ’ ಅಂದ್ರು.”

ಮೆಣಸುವಿಗೆ ಆ ಮಾತು ಪೂರ್ತಿ ಅರ್ಥವಾಗಲಿಲ್ಲ. ಇನ್ನೂ ಎಂಟು ಜನ ಬೇಕು ಎನ್ನುವುದು ಮಾತ್ರ ಅರ್ಥವಾಯಿತು.

ಮರುದಿನ ಮಧ್ಯಾಹ್ನ ಅಮ್ಮ ಡ್ಯೂಟಿ ಮುಗಿಸಿ ಬಂದು ಮಲಗಿದ್ದಾಗ ಮೆಣಸು ಅವಳ ಫೋನ್ ತೆಗೆದುಕೊಂಡು ಮಂಚದ ಕೆಳಗೆ ತೂರಿದಳು. ಕಾಮೆಂಟ್ ಬರುವ ಬ್ಯಾಂಡಿನ ಪೇಜಿನಲ್ಲಿ ಯಾವ ಹೆಸರು ಹಾಕಿ ಬೇಕಾದರೂ ಬರೆಯಬಹುದಾಗಿತ್ತು. ಅವಳು ನಾಲಿಗೆ ಹೊರಗೆ ಚಾಚಿಕೊಂಡು ಬರೆದಳು.

‘ಈ ಆಲ್ಬಮ್ ಕೇಳಿ ನನ್ನ ಬೆನ್ನುನೋವು ಹೋಯಿತು. ಇಂತಿ, ಒಬ್ಬ ಡಾಕ್ಟರ್.’

‘ನನಗೆ ಎಪ್ಪತ್ತು ವರ್ಷ. ಇಂಥ ಡ್ರಮ್ ನನ್ನ ಜೀವಮಾನದಲ್ಲೇ ಕೇಳಿಲ್ಲ. ಇಂತಿ, ಲೋಹದ ತಾತ.’

‘ಗಿಟಾರ್ ಸೂಪರ್! ಸೂಪರ್! ಸೂಪರ್! ಇಂತಿ, ಸಮುದ್ರದ ಹುಲಿ.’

ಸಮುದ್ರದಲ್ಲಿ ಹುಲಿ ಇರುತ್ತದೋ ಇಲ್ಲವೋ ಎಂದು ಒಂದು ಕ್ಷಣ ಯೋಚಿಸಿದಳು. ಇರಲಿ ಎಂದು ಬಿಟ್ಟಳು. ಒಂದೇ ದಿನ ಎಲ್ಲ ಹಾಕಿದರೆ ಅನುಮಾನ ಬರುತ್ತದೆ ಎಂದು ದಿನಕ್ಕೆ ಒಂದೆರಡು ಮಾತ್ರ ಹಾಕಿದಳು.

ಅಪ್ಪ ಮತ್ತೆ ಬಚ್ಚಲಿನಲ್ಲಿ ಗುನುಗತೊಡಗಿದ. ಸಣ್ಣ ರೂಮಿನ ಬಾಗಿಲು ತೆರೆಯಿತು. “ಡಾಕ್ಟರಂತೆ ಕಣೇ! ಬೆನ್ನುನೋವಂತೆ!” ಎಂದು ಅಮ್ಮನಿಗೆ ಓದಿ ಹೇಳಿದ. ಗೋಡೆಯ ಆಚೆಯಿಂದ ಗಿಟಾರಿನ ಸದ್ದು ಕೇಳುತ್ತಾ ಹೋಂವರ್ಕ್ ಮಾಡುವಾಗ ಮೆಣಸು ತಪ್ಪು ಲೆಕ್ಕವನ್ನೂ ಖುಷಿಯಿಂದ ಮಾಡಿದಳು.

ಭಾನುವಾರ ಡ್ರಮ್ ಮಾಮ ಕೇಕ್ ಹಿಡಿದುಕೊಂಡು ಬಂದ. ಅಪ್ಪನ ಜೊತೆ ಡ್ರಮ್ ಬಾರಿಸುವವನು ಅವನು. ವಾರವಿಡೀ ಸ್ಕೂಲ್ ಬಸ್ ಓಡಿಸುತ್ತಿದ್ದ. ಬಾಗಿಲಲ್ಲೇ ಕೂಗಿದ. “ಹತ್ತು ಆಯ್ತು ಕಣಯ್ಯಾ! ಹತ್ತನೆಯವನು ಇವತ್ತು ಬೆಳಿಗ್ಗೆ ಬಂದ! ಎಲ್ಲಿ ಚಾಕು?”

ಅಮ್ಮ ಚಾಕು ತಂದು ಅವನ ಕೈಗೆ ಕೊಟ್ಟಳು. ಮೆಣಸು ಕುರ್ಚಿಯ ಮೇಲೆ ಹತ್ತಿ ನಿಂತಳು.

“ನನ್ನ ಲೋಹದ ತಾತನ ಮಾತನ್ನ ಡಿಪೋದಲ್ಲಿ ಎಲ್ಲ ಡ್ರೈವರ್‌ಗಳಿಗೂ ಓದಿ ಹೇಳಿದೀನಿ,” ಎಂದ ಡ್ರಮ್ ಮಾಮ. “ಇನ್ನು ಈ ಹತ್ತನೆಯವನು ಏನು ಬರೆದಿದಾನೆ ಕೇಳಿ. ‘ಎಲ್ಲ ಹಾಡೂ ಚೆನ್ನಾಗಿದೆ. ಎಲ್ಲಕ್ಕಿಂತ ಚೆನ್ನಾಗಿರುವುದು ಕೊನೆಯ ಹಾಡಿನ ಕೊನೆಯಲ್ಲಿ ಒಂದು ಪುಟ್ಟ ಹುಡುಗಿ ಗುನುಗುವುದು. ಅವಳ ದನಿ ಕೇಳಿ ನನಗೆ ಅಳು ಬಂತು. ಇಂತಿ, ದೂರದ...’”

ಡ್ರಮ್ ಮಾಮನ ದನಿ ಅಲ್ಲೇ ನಿಂತಿತು. ಅವನು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದ.

“ಯಾವ ಹುಡುಗಿ? ಅದನ್ನ ನಾವು ತೆಗೆದುಬಿಟ್ವಲ್ಲ. ಕೊನೇ ಮಿಕ್ಸಿಂಗ್‌ನಲ್ಲಿ. ಆಲ್ಬಮ್ಮಲ್ಲಿ ಇಲ್ವೇ ಇಲ್ಲ ಅದು.”

ಅಪ್ಪ ನಿಧಾನವಾಗಿ ಮೆಣಸುವಿನ ಕಡೆ ತಿರುಗಿದ. ಮೆಣಸು ಕುರ್ಚಿಯಿಂದ ಇಳಿದಳು.

“ನನ್ನ ದನಿ ಇಲ್ವಾ?” ಎಂದಳು. ಅದನ್ನು ಕೇಳಬಾರದಿತ್ತು ಎಂದು ಆಮೇಲೆ ಹೊಳೆಯಿತು.

“ಎಲ್ಲಾನೂ ನೀನೇ ಬರೆದಿದ್ದಾ?” ಎಂದ ಅಪ್ಪ.

“ಎಂಟು ಮಾತ್ರ. ಇಬ್ಬರು ನಿಜದವರು.”

“ಹಾಗಾದ್ರೆ ಲೋಹದ ತಾತ?” ಎಂದ ಡ್ರಮ್ ಮಾಮ.

“ನಾನೇ ಮಾಮ.”

ಡ್ರಮ್ ಮಾಮ ಜೋರಾಗಿ ನಕ್ಕ. ಆದರೆ ಆ ನಗು ಬೇಗ ಮುಗಿದುಹೋಯಿತು. “ಡಿಪೋದಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದೀನಲ್ಲ ಕಣಮ್ಮ,” ಎಂದ. ಚಾಕುವನ್ನು ಕೇಕಿನ ಪಕ್ಕದಲ್ಲಿಟ್ಟು, “ಬಸ್ಸು ತೊಳೀಬೇಕಿತ್ತು,” ಎಂದು ಹೊರಟುಹೋದ. ಕೇಕು ಹಾಗೇ ಇತ್ತು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಮೆಣಸು ತಿರುಗಿ ಏನಾದರೂ ಅಂದುಬಿಡುತ್ತಿದ್ದಳು, ಅಥವಾ ಜೋರಾಗಿ ಅಳುತ್ತಿದ್ದಳು. ಅವನು ಸುಮ್ಮನೆ ಕುಳಿತು ಅವಳು ಬರೆದಿದ್ದನ್ನೆಲ್ಲ ಒಂದೊಂದಾಗಿ ಅಳಿಸಿದ. ಡಾಕ್ಟರದ್ದು ಬಂದಾಗ ಮಾತ್ರ ಬೆರಳು ಸ್ವಲ್ಪ ತಡೆಯಿತು. ಆಮೇಲೆ ಅದನ್ನೂ ಅಳಿಸಿದ.

“ನೀನು ಆಲ್ಬಮ್ ಪೂರ್ತಿ ಕೇಳಿದೀಯಾ?”

“ದಿನಾ ಕೇಳಿದೀನಲ್ಲ. ಗೋಡೆಯಾಚೆಯಿಂದ.”

“ಅದಲ್ಲ. ಮೊದಲಿಂದ ಕೊನೇವರೆಗೂ.”

ಮೆಣಸು ಇಲ್ಲ ಎಂದು ತಲೆ ಆಡಿಸಿದಳು. ಎಂಟು ಜನರ ಹೆಸರಿನಲ್ಲಿ ಹೊಗಳಿದ್ದಳು, ಆ ಎಂಟರಲ್ಲಿ ಒಬ್ಬರೂ ಆಲ್ಬಮ್ ಕೇಳಿರಲಿಲ್ಲ. ಅವಳ ಕಿವಿ ಬಿಸಿಯಾಯಿತು.

ಅವಳು ಸಣ್ಣ ರೂಮಿಗೆ ಹೋಗಿ, ಅಪ್ಪನ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ನೆಲದ ಮೇಲೆ ಕುಳಿತಳು. ಮೊದಲ ಹಾಡಿನಲ್ಲಿ ಕುದುರೆಗಳು ಓಡಿದವು. ಎರಡನೆಯದರಲ್ಲಿ ಎಣಿಸಹೋಗಿ ತಾಳ ತಪ್ಪಿಸಿಕೊಂಡಳು, ಮತ್ತೆ ಹಿಡಿದಳು, ಮತ್ತೆ ತಪ್ಪಿತು. ಮೂರನೆಯದು ಮುಗಿಯುತ್ತಲೇ ಇರಲಿಲ್ಲ, ಆಕಳಿಕೆ ಬಂತು. ಹಾಡುಗಾರ ಒಂದು ಕಡೆ ನಿಜವಾಗಿಯೂ ಬೆರಳು ಸಿಕ್ಕಿಸಿಕೊಂಡವನ ಹಾಗೆಯೇ ಕಿರುಚಿದ. ಆಮೇಲೆ ಕೊನೆಯ ಹಾಡು ಬಂತು.

ಸೈನಿಕ ಕಡೆಯ ಮೆಟ್ಟಿಲು ಹತ್ತಿದ. ಅಲ್ಲಿ ಇನ್ನಷ್ಟು ಮೆಟ್ಟಿಲುಗಳಿದ್ದವು, ಯಾರೂ ಇರಲಿಲ್ಲ. ಡ್ರಮ್ ನಿಂತಿತು. ಹಾಡುಗಾರನ ದನಿ ನಿಂತಿತು. ಅಪ್ಪನ ಗಿಟಾರ್ ಒಂದೇ ಉಳಿಯಿತು. ಅದರ ಒಂದೇ ಸ್ವರ ಉದ್ದವಾಗಿ, ತೆಳ್ಳಗಾಗಿ ಹೋಯಿತು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಮೆಣಸು ತನ್ನ ದನಿಗಾಗಿ ಕಾದಳು. ಬರಲಿಲ್ಲ. ಸ್ವರ ಎಲ್ಲಿ ಮುಗಿಯಿತು ಎಂದೇ ತಿಳಿಯಲಿಲ್ಲ. ಅವಳು ಹೆಡ್‌ಫೋನ್ ತೆಗೆಯದೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು.

ಅಪ್ಪ ಬಾಗಿಲಲ್ಲಿ ನಿಂತಿದ್ದ. “ನಿನ್ನ ದನಿ ಉಳಿಸೋಕೆ ತುಂಬಾ ನೋಡಿದೆ ಪುಟ್ಟಾ. ಆಗಲಿಲ್ಲ. ಹೇಳೋಕೂ ಆಗಲಿಲ್ಲ.”

“ಅಲ್ಲಿ ಯಾರೂ ಇರಬಾರದು ಅಲ್ವಾ?”

“ಹೂಂ.” ಅಪ್ಪ ಅವಳ ಪಕ್ಕ ನೆಲದ ಮೇಲೆ ಕುಳಿತ. “ಹೇಗಿತ್ತು? ನಿಜ ಹೇಳು.”

ಸೂಪರ್ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅಪ್ಪ ಅವಳನ್ನೇ ನೋಡುತ್ತಿದ್ದ. ಬ್ಯಾಂಡಿನವರ ಜೊತೆ ಮಾತಾಡುವಾಗ ಹೀಗೆ ನೋಡುತ್ತಿದ್ದ. ಮೆಣಸು ಆ ಮಾತನ್ನು ನುಂಗಿಕೊಂಡಳು.

“ಮೂರನೇದರಲ್ಲಿ ಬೋರ್ ಆಯ್ತು. ತುಂಬಾ ಉದ್ದ.”

“ನಂಗೂ ಹಾಗೇ ಅನ್ಸಿತ್ತು. ಯಾರೂ ಒಪ್ಪಲಿಲ್ಲ.”

“ಹಾಡೋ ಅಂಕಲ್ ತುಂಬಾ ಕಿರುಚ್ತಾರೆ.”

“ಹೂಂ.”

“ಕೊನೇದು...” ಮೆಣಸು ಹೆಡ್‌ಫೋನಿನ ವಯರನ್ನು ಬೆರಳಿಗೆ ಸುತ್ತಿದಳು. “ಕೊನೇದರಲ್ಲಿ ನಾನಿಲ್ಲ ಅಂತ ಸಿಟ್ಟು ಬರುತ್ತೆ ಅಂದ್ಕೊಂಡೆ. ಬರಲಿಲ್ಲ. ಭಯ ಆಯ್ತು. ಆಮೇಲೆ ಇನ್ನೊಂದು ಸಲ ಕೇಳ್ಬೇಕು ಅನ್ಸಿತು.”

ಅಪ್ಪನ ಬೆರಳುಗಳು ಮಂಡಿಯ ಮೇಲೆ ತಾವಾಗಿಯೇ ಏನೋ ನುಡಿಸಿ, ನಿಂತವು.

“ಅಪ್ಪಾ, ಈಗ ಮೂರು ಜನ ಆಯ್ತಲ್ವಾ?”

“ನೀನು ಗುರುತಿಲ್ಲದವಳಲ್ವಲ್ಲ ಕಣೆ,” ಎಂದ ಅಪ್ಪ.

ತಾನು ಇನ್ನೂ ಎಷ್ಟು ಒಳ್ಳೆಯ ಮಾತು ಹೇಳಿದರೂ ಅದು ಅಪ್ಪನಿಗೆ ಬೇಕಾದ ಜಾಗಕ್ಕೆ ಹೋಗಿ ತಲುಪುವುದಿಲ್ಲ ಎಂದು ಮೆಣಸುವಿಗೆ ಕಂಡಿತು. ಅಮ್ಮ ಅಡುಗೆಮನೆಯಲ್ಲಿ ಹೇಳಿದ, ‘ನಾನು ಬಿಡೋದು ಹೇಗೆ’ ಎನ್ನುವ ಅಪ್ಪನ ಮಾತೂ ಈಗ ಅರ್ಥವಾಯಿತು. ಅವಳು ಅಪ್ಪನ ತೋಳಿಗೆ ಒರಗಿಕೊಂಡಳು.

ತಿಂಗಳು ಮುಗಿಯಿತು. ಅಷ್ಟರಲ್ಲಿ ಹೊಸ ಕಾಮೆಂಟ್ ಒಂದೇ ಒಂದು ಬಂದಿತ್ತು. ಯಾರೋ ಬೇರೆ ಯಾವುದೋ ಬ್ಯಾಂಡಿನ ಹೆಸರು ಕೇಳಿದ್ದರು.

ಮುಂದಿನ ಭಾನುವಾರ ಅಪ್ಪ ಕಂಬಳಿಗಳನ್ನು ಬಿಚ್ಚಿದ. ಅಮ್ಮ, “ಇರಲಿ ಬಿಡ್ರೀ, ಅವಸರ ಏನು?” ಎಂದಳು, ಎರಡು ಸಲ ಹೇಳಿದಳು, ಆಮೇಲೆ ಕಂಬಳಿಯ ಇನ್ನೊಂದು ತುದಿ ಹಿಡಿದುಕೊಂಡಳು. ಗಿಟಾರನ್ನು ಸಂಗೀತದ ಅಂಗಡಿಯವನು ಬಂದು ತೆಗೆದುಕೊಂಡು ಹೋದ. ಮೆಣಸುವಿನ ಮಂಚ ಆ ರೂಮಿಗೆ ಬಂತು.

ಅಪ್ಪ ಮತ್ತೆ ಗಿಟಾರ್ ಮುಟ್ಟಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡ.