ಲೈಟ್‌ಹೌಸ್ ಮೇಲಿಂದ ಕಾಣುವುದು

"ಕಂಬಿಗೆ ಒರಗಿ ನಿಂತಿದ್ಯಾ? ಅಲ್ಲಿ ಕಂಬಿಯೇ ಇಲ್ವಲ್ಲೇ," ಎಂದಳು ಉದ್ದಜಡೆ.

ಊಟದ ಬೆಲ್ ಆಗಿತ್ತು. ಬೆಂಚಿನ ಸುತ್ತ ಕೂತಿದ್ದವರೆಲ್ಲ ತಿನ್ನುವುದನ್ನು ಬಿಟ್ಟು ರೇಡಿಯೋ ಮುಖ ನೋಡಿದರು.

ರೇಡಿಯೋ ಎನ್ನುವುದು ಹೊಸ ಶಾಲೆಯವರು ಅವಳಿಗೆ ಇಟ್ಟ ಹೆಸರು. ಸುಮ್ಮನೆ ಇಟ್ಟದ್ದೇನಲ್ಲ. ಈ ಊರಿಗೆ ಬಂದಾಗಿನಿಂದ ಅವಳು ಬಾಯಿ ತೆರೆದರೆ ಹಳೆ ಊರಿನ ಸುದ್ದಿಯೇ. ಅಲ್ಲಿನ ಸಮುದ್ರ, ಅಲ್ಲಿನ ಬೋಟು, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿನ ಲೈಟ್‌ಹೌಸ್. ಅದರ ತುದಿಯಲ್ಲಿ ನಿಂತಾಗ ಗಾಳಿಗೆ ತನ್ನ ರಿಬ್ಬನ್ ಹಾರಿಹೋದ ಕತೆ ಇಡೀ ಕ್ಲಾಸಿಗೆ ಬಾಯಿಪಾಠವಾಗಿತ್ತು.

ಈಗ ನೋಡಿದರೆ ಉದ್ದಜಡೆ ರಜೆಯಲ್ಲಿ ಅದೇ ಲೈಟ್‌ಹೌಸ್ ಹತ್ತಿ ಬಂದುಬಿಟ್ಟಿದ್ದಾಳೆ.

"ಸುತ್ತಲೂ ಜಾಲರಿ ಹಾಕಿದಾರೆ. ಕೈ ತೂರಿಸೋಕೂ ಆಗಲ್ಲ. ನಿನ್ನ ರಿಬ್ಬನ್ ಹೇಗೆ ಹಾರ್ತು?"

"ಈಗ ಹಾಕಿರ್ಬೇಕು."

"ತುಕ್ಕು ಹಿಡಿದಿದೆ ಕಣೇ ಅದು."

"ರೇಡಿಯೋ ಬಂದ್ ಆಯ್ತು," ಎಂದು ಯಾರೋ ನಕ್ಕರು.

ರೇಡಿಯೋ ಊಟದ ಡಬ್ಬಿ ಮುಚ್ಚಿದಳು. ನಿಜ ಹೇಳಬೇಕೆಂದರೆ ಅವಳು ಒಂದು ಸಲವೂ ಅದನ್ನು ಹತ್ತಿರಲಿಲ್ಲ. ಅಪ್ಪ ಲೈಟ್‌ಹೌಸ್ ಮುಂದಿನ ಬಯಲಿನಲ್ಲಿ ಪ್ರವಾಸಿಗರ ಫೋಟೋ ತೆಗೆಯುತ್ತಿದ್ದ. ಅವರ ಕೈ ಚಾಚಿಸಿ, ತಾನು ನೆಲದ ಮೇಲೆ ಮಂಡಿಯೂರಿ ಕ್ಲಿಕ್ ಮಾಡಿದರೆ, ಲೈಟ್‌ಹೌಸ್ ಅವರ ಅಂಗೈ ಮೇಲೆ ನಿಂತ ಹಾಗೆ ಬರುತ್ತಿತ್ತು. ಅದು ತೆರೆದಿರುವ ಹೊತ್ತೇ ಅಪ್ಪನಿಗೆ ಕೆಲಸದ ಹೊತ್ತು. "ಅದೇನು ಓಡಿಹೋಗುತ್ತಾ? ಇನ್ನೊಂದಿನ ಹೋಗೋಣ," ಎನ್ನುತ್ತಿದ್ದ. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂತು. ಅಪ್ಪನ ಕೆಲಸ ಹೋಯಿತು, ಲೈಟ್‌ಹೌಸ್ ಅಲ್ಲೇ ಉಳಿಯಿತು, ಇವರೇ ಊರು ಬಿಟ್ಟರು.

ಎಲ್ಲರೂ ಎದ್ದುಹೋದ ಮೇಲೆ ಉದ್ದಜಡೆ ಅವಳ ಪಕ್ಕಕ್ಕೆ ಸರಿದು ಕೂತಳು. "ನೀನು ಹತ್ತೇ ಇಲ್ಲ, ಅಲ್ವಾ?"

"ಇಲ್ಲ. ಅಪ್ಪ ತಾನು ಹತ್ತಿದ ಕತೆ ಯಾವಾಗಲೂ ಹೇಳ್ತಿರ್ತಾನೆ. ಕೇಳೀ ಕೇಳೀ ನಾನೇ ಹತ್ತಿದ ಹಾಗಾಗಿಬಿಡ್ತು. ಅಪ್ಪನ ಕತೇಲಿ ಟೋಪಿ ಹಾರುತ್ತೆ. ರಿಬ್ಬನ್ ನಾನು ಸೇರಿಸಿದ್ದು."

ಉದ್ದಜಡೆಗೆ ನಗು ಬಂತು. ಬ್ಯಾಗಿನಿಂದ ಒಂದು ಫೋಟೋ ತೆಗೆದಳು. "ಜಾಲರಿ ತೂತಿಂದ ತೆಗೆದಿದ್ದು. ನಂಗಂತೂ ಯಾವುದು ಏನು ಅಂತಾನೇ ಗೊತ್ತಾಗ್ಲಿಲ್ಲ."

ರೇಡಿಯೋಗೆ ಎಲ್ಲವೂ ಗೊತ್ತಾಯಿತು. "ಇದು ಐಸ್ ಫ್ಯಾಕ್ಟರಿ. ಇಲ್ಲಿ ಬಲೆ ಒಣಗಿಸ್ತಾರೆ. ಇದು ನಮ್ಮ ಸ್ಕೂಲು, ನೋಡು, ಗೇಟ್ ಇನ್ನೂ ಸೊಟ್ಟಗೇ ಇದೆ..." ಬೆರಳು ಬಯಲಿಗೆ ಬಂದು ನಿಂತಿತು. ಅಲ್ಲಿ ಯಾರೋ ಒಬ್ಬರು ಫೋಟೋ ತೆಗೆಯಲು ಮಂಡಿಯೂರಿ ಕೂತಿದ್ದರು, ಇರುವೆಯಷ್ಟು ಚಿಕ್ಕದಾಗಿ. ಅಪ್ಪ ಕೂರುತ್ತಿದ್ದ ಜಾಗ ಅದು. ಅವಳಿಗೆ ಈಗಲೇ ಎದ್ದು ಅಲ್ಲಿಗೆ ಹೋಗಿಬಿಡಬೇಕು ಅನ್ನಿಸಿತು.

ಸಂಜೆ ಅವಳು ಅಪ್ಪ ಕೆಲಸ ಮಾಡುವ ಸ್ಟುಡಿಯೋಗೆ ಹೋದಳು. ಪಾಸ್‌ಪೋರ್ಟ್ ಫೋಟೋಗೆ ಬಂದ ಒಬ್ಬ ಅಜ್ಜ ಸ್ಟೂಲಿನ ಮೇಲೆ ಮುಖ ಬಿಗಿದುಕೊಂಡು ಕೂತಿದ್ದರು. ಅವರನ್ನು ಸ್ವಲ್ಪ ಸಡಿಲಗೊಳಿಸಲು ಅಪ್ಪ ಮಾತು ಶುರುಮಾಡಿದ್ದ.

"ನಮ್ಮೂರಲ್ಲಿ ಒಂದು ಲೈಟ್‌ಹೌಸ್ ಇದೆ ಸಾರ್. ತುದೀಲಿ ಕಂಬಿಗೆ ಒರಗಿ ನಿಂತ್ರೆ ಅದೇನು ಗಾಳಿ ಅಂತೀರಿ. ನನ್ನ ಟೋಪಿನೇ ಹಾರಿಹೋಯ್ತು."

ರೇಡಿಯೋ ಬಾಗಿಲಲ್ಲೇ ನಿಂತಳು. ಕಂಬಿ. ಹಾಗಾದರೆ ಅಪ್ಪನೂ ಹತ್ತಿಲ್ಲ. ಅಷ್ಟು ಜನರ ಅಂಗೈ ಮೇಲೆ ಲೈಟ್‌ಹೌಸ್ ಇಟ್ಟುಕೊಟ್ಟವನು ಕೆಳಗೇ ಉಳಿದಿದ್ದ. ಜಾಲರಿಯ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಅಲ್ವೇನಮ್ಮಾ?" ಎಂದು ಅಪ್ಪ ತಿರುಗಿ ಕೇಳಿದ.

"ಹೂಂ. ಅಲ್ಲಿಂದ ಎಲ್ಲಾ ಕಾಣುತ್ತೆ ಅಜ್ಜ. ಐಸ್ ಫ್ಯಾಕ್ಟರಿ, ಸ್ಕೂಲು... ಕೆಳಗೆ ಮಂಡಿಯೂರಿ ಫೋಟೋ ತೆಗೆಯೋರೂ ಕಾಣ್ತಾರೆ."

ಕ್ಯಾಮೆರಾ ಮೇಲಿದ್ದ ಅಪ್ಪನ ಬೆರಳು ಹಾಗೇ ನಿಂತಿತು.

"ಅಷ್ಟು ಎತ್ತರದಿಂದ ಅವರೂ ಕಾಣ್ತಾರಾ?" ಅಪ್ಪ ಮೆಲ್ಲಗೆ ಕೇಳಿದ.

"ಚೆನ್ನಾಗಿ ಕಾಣ್ತಾರೆ ಅಪ್ಪಾ," ಎಂದಳು ಅವಳು.