ಟೋಪಿಯ ಕೆಳಗಿನ ನೆರಳು

"ಆ ಫ್ಲ್ಯಾಶ್ ಆರಿಸ್ರೀ! ಆರಿಸಿ!"

ಎಲಿಯೆಸೆರ್ ಕೂಗುವಷ್ಟರಲ್ಲಿ ಯೊರ್ಲೆನಿಯ ಬೆರಳು ಕ್ಯಾಮೆರಾದ ಗುಂಡಿಯನ್ನು ಇನ್ನೊಮ್ಮೆ ಒತ್ತಿಬಿಟ್ಟಿತ್ತು. ಫ್ಲ್ಯಾಶ್ ಮತ್ತೆ ಮಿಂಚಿತು. ಅವನು ಕುಳಿತಿದ್ದ ಕಂದು ಹೆಣ್ಣುಕುದುರೆ ಕನೇಲಾ ಬೆದರಿ ಮುಂಗಾಲೆತ್ತಿ ನಿಂತಿತು.

ಮರುಕ್ಷಣ ಅವನು ಬೇಲಿಯ ಬುಡದ ಧೂಳಿನಲ್ಲಿದ್ದ. ಬಲಗೈ ಮೈಯಡಿ ಸಿಕ್ಕಿಕೊಂಡಿತ್ತು...

ಮುಸ್ಸಂಜೆಯ ಹೊತ್ತು ಕುದುರೆಯ ಮೇಲೆ ಕುಳಿತಿದ್ದ ಆ ಅಪರಿಚಿತನ ಚೆಂದಕ್ಕೆ ಮನಸೋತು, ಯೊರ್ಲೆನಿ ಕೇಳದೆಯೇ ಕ್ಯಾಮೆರಾ ಎತ್ತಿದ್ದಳು. ನಿಕೋಯಾ ಪಟ್ಟಣದ ತನ್ನ ಪುಟ್ಟ ಅಂಗಡಿಯಲ್ಲಿ ದಿನವಿಡೀ ಫೋಟೋ ತೆಗೆಯುವವಳು ಅವಳು. ಪ್ರಾಣಿಯ ಕಣ್ಣಿಗೆ ಫ್ಲ್ಯಾಶ್ ಹೊಡೆಯಬಾರದೆಂದು ಅವಳಿಗೆ ಗೊತ್ತಿರಲಿಲ್ಲವೇ?

"ಆ ಕುದುರೆಯವನ ಮಣಿಕಟ್ಟು ಮುರಿದಿದೆಯಂತೆ," ಎಂದರು ಮರುದಿನ ಚಿಕ್ಕಮ್ಮ ನಿದಿಯಾ, ಬಟ್ಟೆಯಲ್ಲಿ ಕಾಫಿ ಸೋಸುತ್ತಾ. "ಕುದುರೆ ಮಾರಿಬಿಡ್ತಾನೆ ಅಂತಿದಾರೆ ಜನ. ಒಂದೇ ಕೈಲಿ ಹೇಗೆ ಪಳಗಿಸ್ತಾನೆ, ಪಾಪ!"

ಯೊರ್ಲೆನಿ ಕಾಫಿ ಹಾಗೇ ಬಿಟ್ಟೆದ್ದಳು. ಕ್ಷಮೆ ಕೇಳಿ ಚೀಟಿ ಬರೆದು, ತಾನೇ ಬೇಯಿಸಿದ ರೊಸ್ಕಿಯಾ ಎಂಬ ಮೆಕ್ಕೆಜೋಳದ ಗಟ್ಟಿ ಬಿಸ್ಕತ್ತುಗಳ ಜೊತೆ ಅವನ ಮನೆಗೆ ಕಳಿಸಿದಳು. ಉತ್ತರವೇ ಇಲ್ಲ.

"ನಿನ್ನ ರೊಸ್ಕಿಯಾ ಕಡಿದು ಹಲ್ಲೂ ಮುರಿದಿರ್ಬೇಕು ಕಣೇ!" ಎಂದು ಚಿಕ್ಕಮ್ಮ ಕಿಚಾಯಿಸಿದರೂ ಅವಳಿಗೆ ನಗು ಬರಲಿಲ್ಲ. ಅವನ ಮನೆಯ ಮುಂದೆ ಹಾಯಬೇಕಾಗುತ್ತದೆಂದು ಅಂಗಡಿಗೆ ಸುತ್ತುದಾರಿ ಹಿಡಿದಳು. 'ನನ್ನ ಮುಖ ಕಂಡರೆ ಅವನಿಗೆ ಅಸಹ್ಯವಾಗುತ್ತೋ ಏನೋ...'

ನಾಲ್ಕನೇ ವಾರ ಅವನೇ ಅಂಗಡಿಯ ಬಾಗಿಲಲ್ಲಿ ನಿಂತಿದ್ದ! ಕೈಗೆ ಪ್ಲಾಸ್ಟರ್.

"ಕನೇಲಾದು ಒಂದು ಫೋಟೋ ಬೇಕಿತ್ತು. ನಾಳೆ ಬರ್ತೀರಾ?"

ಅಷ್ಟೇ ಹೇಳಿ ಹೋದ. ಯೊರ್ಲೆನಿ ಬಾಗಿಲಿಗೆ ಬಂದು ಅವನು ಹೋದ ದಾರಿ ನೋಡಿದಳು. ಕೊಳ್ಳುವವರಿಗೆ ತೋರಿಸೋಕೆ ಫೋಟೋ! ಎಲ್ಲ ನನ್ನಿಂದಲೇ...

ಮರುದಿನ ಲಾಯದೊಳಗೆ ಕತ್ತಲಿತ್ತು. ಫ್ಲ್ಯಾಶ್ ಆರಿದೆಯೇ ಎಂದು ಅವಳು ಮೂರು ಸಲ ನೋಡಿಕೊಂಡಳು.

"ಬಾಗಿಲ ಹತ್ರ ನಿಲ್ಸಿ. ಮುಖ ಬೆಳಕಿನ ಕಡೆ ತಿರುಗ್ಲಿ," ಎಂದಳು ಮೆಲ್ಲಗೆ.

ಬಾಗಿಲಿಂದ ಓರೆಯಾಗಿ ಬಿದ್ದ ಬೆಳಕಿಗೆ ಕನೇಲಾದ ಒಂದೊಂದು ಕೂದಲೂ ಹೊಳೆಯಿತು. ಕೈ ಅಲುಗದಂತೆ ಮೊಣಕೈಯನ್ನು ಕಂಬಕ್ಕೊತ್ತಿ, ಉಸಿರು ಬಿಗಿಹಿಡಿದು ತೆಗೆದಳು. ತುಂಬಾ ಚೆನ್ನಾಗಿ ಬಂತು. ಇದು ಮಾರಾಟಕ್ಕೆಂದು ನೆನೆದು ಅಳುವೇ ಬಂದುಬಿಟ್ಟಿತು!

"ಈಗ ನಂದೂ ಒಂದು, ಇವಳ ಜೊತೆ. ಅಂಗಳದಲ್ಲಿ," ಎಂದ ಅವನು.

ಹೊರಗೆ ಸೂರ್ಯ ನೆತ್ತಿಗೇರಿದ್ದ. ಕುದುರೆಯ ಪಕ್ಕ ನಿಂತವನ ಮುಖ ಅಗಲ ಟೋಪಿಯ ನೆರಳಲ್ಲಿ ಪೂರ್ತಿ ಕಪ್ಪಾಗಿತ್ತು.

"ಟೋಪಿ ತೆಗೀರಿ."

"ಟೋಪಿ ಇಲ್ದಿದ್ರೆ ನಮ್ಮಮ್ಮನೂ ನನ್ನ ಗುರುತು ಹಿಡಿಯಲ್ಲ!"

"ಹಾಗಾದ್ರೆ ಆ ನೆರಳು ಹೋಗೋಕೆ... ಬಿಸಿಲಲ್ಲೂ ಫ್ಲ್ಯಾಶ್ ಹಾಕ್ಬೇಕು." ಅವಳು ಕ್ಯಾಮೆರಾ ಕೆಳಗಿಳಿಸಿದಳು. "ನನ್ ಕೈಲಾಗಲ್ಲ."

"ಹಾಕಿ. ನಾನಿದೀನಲ್ಲ."

ಹತ್ತು ಹೆಜ್ಜೆ ಹಿಂದೆ ಸರಿದಳು.  ಕುದುರೆ ಮತ್ತೆ ಬೆದರಿದರೆ? ಕಣ್ಣು ಮುಚ್ಚಿಕೊಂಡು ಒತ್ತಿದಳು.

ಮಿಂಚು!

ಕೂಗಿಲ್ಲ. ಗೊರಸಿನ ಸದ್ದಿಲ್ಲ. ಕಣ್ಣು ತೆರೆದರೆ, ಕನೇಲಾ ಕಿವಿಯನ್ನೊಮ್ಮೆ ಅಲುಗಿಸಿ ಅವನ ಜೇಬು ಮೂಸುತ್ತಿತ್ತು.

"ಕೊಳ್ಳೋರು ಒಳ್ಳೆಯವರಾ?" ಎಂದಳು ತಲೆ ತಗ್ಗಿಸಿ.

"ಯಾವ ಕೊಳ್ಳೋರು? ಕುದುರೆ ಮೆರವಣಿಗೆಗೆ ಹೆಸರು ಬರೆಸೋಕೆ ಫೋಟೋ ಕೇಳಿದಾರೆ. ಇವಳನ್ನ ಮಾರೋದಾ! ಯಾರಂದ್ರು?"

ಅವಳು ತಬ್ಬಿಬ್ಬಾದಳು. "ಮತ್ತೆ... ಇವತ್ತು ಯಾಕೆ ಬೆದರ್ಲಿಲ್ಲ?"

ಅವನು ಜೇಬಿನಿಂದ ಕ್ಯಾರೆಟ್ ತೆಗೆದು ಕುದುರೆಗೆ ಕೊಟ್ಟ. "ದಿನಾ ಎರಡು ಹೊತ್ತು ಫೋನಿನ ಫ್ಲ್ಯಾಶ್ ಮಿಂಚಿಸಿ ಅಭ್ಯಾಸ ಮಾಡಿಸ್ದೆ. ಮೊದಲು ದೂರದಿಂದ, ಆಮೇಲೆ ಹತ್ರದಿಂದ."

"ಯಾಕೆ?"

"ನೀವು ದಿನಾ ಬಂದುಹೋಗೋ ಹಾಗಾದ್ರೆ, ಇವಳು ನಿಮ್ಮನ್ನ ನೋಡಿ ಹೆದರ್ಬಾರ್ದಲ್ಲ..."

ಯೊರ್ಲೆನಿಯ ಕಣ್ಣು ತುಂಬಿ ಬಂತು. "ಒಂದು ಮಾತು ಹೇಳಿ ಕಳಿಸ್ಬಾರ್ದಿತ್ತಾ? ನಾಲ್ಕು ವಾರ ನಂಗೆ ನಿದ್ದೆ ಇಲ್ಲ, ಗೊತ್ತಾ!"

"ಮೊದಲ ಸಲ ಕಂಡಾಗ್ಲೇ ಬೈದ್ಬಿಟ್ಟೆ. ಅದೇ ಬಾಯಲ್ಲಿ ಇಷ್ಟ ಅಂತ ಹೇಳೋಕೆ ನಾಚಿಕೆ ಆಯ್ತು."

"ಈಗ ಹೇಳಿ."

"ಇಷ್ಟ, ಯೊರ್ಲೆನಿ. ತುಂಬಾ ಇಷ್ಟ."

ಅವಳು ಹತ್ತಿರ ಬಂದಳು. ಪ್ಲಾಸ್ಟರಿನ ಅಂಚಿನಲ್ಲಿ ಕಾಣುತ್ತಿದ್ದ ಅವನ ಬೆರಳುಗಳನ್ನು ಹಿಡಿದುಕೊಂಡಳು, ನೋವಾದೀತೆಂಬ ಭಯದಿಂದ, ಬಲು ಮೆಲ್ಲಗೆ.

"ಕಾಫಿ ಕುಡಿದು ಹೋಗಿ," ಎಂದ ಅವನು.

"ಕುಡೀತೀನಿ. ಹೋಗೋದು ಆಮೇಲೆ ನೋಡೋಣ."