ಖಾಲಿ ಜಾಗದ ಪೇಪರ್ ಉಂಡೆ

ಬೆಳಿಗ್ಗೆ ಹತ್ತಕ್ಕೆ ತರಬೇತಿ ಶಿಬಿರದ ಗುಮಾಸ್ತ ಕಪಾಟು ತೆರೆದ. ಡ್ರಿಲ್ ಮಾಸ್ಟರ್ ಫೈಲು ಇರಲಿಲ್ಲ.

ಅದರಲ್ಲಿದ್ದದ್ದು ಒಂದೇ ಅರ್ಜಿ. ಇನ್ನೂ ನಾಲ್ಕು ವರ್ಷ ಸೈನ್ಯದಲ್ಲೇ ಇರುತ್ತೇನೆ ಎಂದು ಮಾಸ್ಟರ್ ಸಹಿ ಹಾಕಿದ್ದು. ಉಳಿದರೆ ಬಡ್ತಿ, ದೊಡ್ಡ ಊರಿನಲ್ಲಿ ಮೂರು ಕೋಣೆಯ ಕ್ವಾರ್ಟರ್ಸ್. ಹನ್ನೆರಡರೊಳಗೆ ಅದು ಸಾಹೇಬರ ಮೇಜಿಗೆ ಹೋಗಬೇಕು. ಇಲ್ಲದಿದ್ದರೆ ಮಾಸ್ಟರ್ ಸೋಮವಾರ ಮಾಜಿ. ಗುಮಾಸ್ತ ಇವತ್ತೇ ಮಾಜಿ.

ನಾನು ಮಿಲಿಟರಿ ಪೊಲೀಸ್. ಕಳೆದುಹೋದ ಬೂಟು, ಬೆಲ್ಟು, ಮನುಷ್ಯರನ್ನು ಹುಡುಕಿ ಹುಡುಕಿ ಸಾಕಾಗಿದೆ.

"ಬೀಗ ಒಡೆದಿಲ್ವಲ್ಲ?"

"ಬೀಗದ ಕೈ ಮೊಳೆಗೇ ನೇತುಹಾಕಿರ್ತೀನಿ ಸಾರ್."

"ಎಲ್ಲರಿಗೂ ಕಾಣೋ ಹಾಗಾ?"

"ಇಲ್ದಿದ್ರೆ ನಂಗೇ ಸಿಗಲ್ಲ."

"ಯಾರ್ಯಾರು ಬಂದಿದ್ರು?"

"ಎರಡನೇ ಮಾಸ್ಟರ್, ರಜೆ ಚೀಟಿಗೆ. ಆಮೇಲೆ ಮಾಸ್ಟರ್ ಮನೆಯವರು, ಕ್ವಾರ್ಟರ್ಸ್ ಕಾಗದಕ್ಕೆ ಸಹಿ ಹಾಕೋಕೆ. ಎರಡು ಸಲವೂ ಫೋನ್ ಬಂತು ಅಂತ ನಾನು ಆಚೆ ಹೋಗಿದ್ದೆ." ಅವನ ಕಣ್ಣು ತುಂಬಿತು. "ಸಾರ್, ನಾನು ಮಕ್ಕಳಿರೋನು."

* * *

ಮಾಸ್ಟರ್ ಹೋದರೆ ಆ ಜಾಗ ಎರಡನೆಯವನಿಗೆ. ಮೈದಾನದಲ್ಲಿ ಅವನನ್ನೇ ಹಿಡಿದೆ.

"ಆ ಜಾಗ ಯಾರಿಗೆ ಬೇಕು ಸಾರ್? ನಾನು ರಜೆ ಕೇಳಿದ್ದೇ ಹೊರಗೆ ಕೆಲಸ ನೋಡೋಕೆ." ಜೇಬಿನಿಂದ ಸಂದರ್ಶನದ ಪತ್ರ ತೆಗೆದ. ನಾಳಿನ ತಾರೀಖು.

ಅವನ ಮೇಲೆ ಸಿಟ್ಟು ಬರಲಿಲ್ಲ. ಹೊಟ್ಟೆಕಿಚ್ಚು ಬಂತು.

* * *

ಮತ್ತೆ ಕಪಾಟಿನ ಮುಂದೆ ನಿಂತೆ. ಫೈಲುಗಳು ನೆಟ್ಟಗೆ ನಿಂತಿದ್ದವು. ಒಂದು ಹೋಗಿದ್ದರೂ ಯಾವುದೂ ವಾಲಿರಲಿಲ್ಲ. ಕೈ ಹಾಕಿದೆ. ಖಾಲಿ ಜಾಗದಲ್ಲಿ ಹಳೇ ಪೇಪರ್ ತಿರುಚಿ, ಬಿಗಿಯಾಗಿ ಉಂಡೆ ಮಾಡಿ ಇಟ್ಟಿದ್ದರು.

"ಇದು ನಿಂದಾ?"

"ನಾನ್ಯಾಕೆ ಇಡ್ಲಿ ಸಾರ್? ವಾಲಿದ್ರೆ ವಾಲ್ಲಿ."

ಅಷ್ಟು ಸಾಕಾಯಿತು. ಮಾಸ್ಟರ್‌ಗೆ ತನ್ನ ಮನೆಗೆ ಬರಲು ಹೇಳಿ ಕಳಿಸಿದೆ.

* * *

ಮಾಸ್ಟರ್ ಮನೆಯಲ್ಲಿ ಹೆಂಡತಿ ಸಾಮಾನು ಕಟ್ಟುತ್ತಿದ್ದಳು. ಟ್ರಂಕುಗಳು ಬಾಯಿ ತೆರೆದು ಕೂತಿದ್ದವು. ಪಾತ್ರೆ ಪಾತ್ರೆಯ ನಡುವೆ ಅದೇ ಪೇಪರ್ ಉಂಡೆ.

"ಎಷ್ಟು ವರ್ಗಾವಣೆ ಆಯ್ತಮ್ಮಾ?"

"ಹನ್ನೊಂದು, ಅಣ್ಣ. ಹೋದ್ರೂ ಕಟ್ಟಬೇಕು, ಉಳಿದ್ರೂ ಕಟ್ಟಬೇಕು."

ನನ್ನ ಕೈಯಲ್ಲಿದ್ದ ಉಂಡೆಯನ್ನು ಟ್ರಂಕಿನ ಮೇಲಿಟ್ಟೆ. "ಸೈನಿಕನಾಗಿದ್ರೆ ಕಿತ್ಕೊಂಡು ಹೋಗ್ತಿದ್ದ. ಗುಮಾಸ್ತನಿಗೆ ಅಷ್ಟು ಅಚ್ಚುಕಟ್ಟಿಲ್ಲ. ಸಂದು ಬಿಟ್ರೆ ಸಾಮಾನು ಅಲುಗಾಡುತ್ತೆ ಅನ್ನೋದು ಟ್ರಂಕು ಕಟ್ಟಿದವರಿಗೆ ಮಾತ್ರ ಗೊತ್ತು. ನಮ್ಮನೇಲೂ ಹೀಗೇ ಕಟ್ತಾರೆ."

ಆಕೆ ಹಾಸಿಗೆ ಸುರುಳಿಯೊಳಗಿಂದ ಫೈಲು ತೆಗೆದು ಕೊಟ್ಟಳು. "ಕೈ ಸುಮ್ನಿರಲಿಲ್ಲ ಅಣ್ಣ. ಖಾಲಿ ಜಾಗ ಕಂಡ್ರೆ ಆಗಲ್ಲ. ಗುಮಾಸ್ತರಿಗೆ ಏಟು ಬೀಳುತ್ತೆ ಅಂತ ಹೊಳೀಲಿಲ್ಲ."

ಬಾಗಿಲಲ್ಲಿ ಮಾಸ್ಟರ್ ನಿಂತಿದ್ದ. ಮೈದಾನದಲ್ಲಿ ಇನ್ನೂರು ಜನರನ್ನು ನಡುಗಿಸುವವನು ಟೋಪಿ ತೆಗೆದು ಒಳಗೆ ಬಂದ.

"ನಿಂಗೆ ದೊಡ್ಡ ಮನೆ ಬೇಕು ಅಂತಲೇ ನಾನು ಸಹಿ ಹಾಕಿದ್ದು."

"ನಾನು ಯಾವತ್ತು ಕೇಳ್ದೆ? ಮನೆ ಕೊಡ್ತಾರೆ, ನಿಮ್ಮನ್ನ ಗಡಿಗೆ ಕಳಿಸ್ತಾರೆ. ಮೂರು ಕೋಣೇಲಿ ನಾನೊಬ್ಳು ಏನ್ ಮಾಡ್ಲಿ?"

ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಫೈಲನ್ನು ಮಾಸ್ಟರ್ ಕೈಗೆ ಕೊಟ್ಟೆ. ಅರ್ಜಿ ಅವನದು. ಅವನು ಪೆನ್ನು ಕೇಳಿ, ಅಡ್ಡ ಗೆರೆ ಎಳೆದು, 'ವಾಪಸ್ ಪಡೆದಿದ್ದೇನೆ' ಎಂದು ಬರೆದ.

ಹಾವೂ ಸಾಯದಂತೆ, ಕೋಲೂ ಮುರಿಯದಂತೆ ವರದಿ ಬರೆದೆ: ಫೈಲು ಅರ್ಜಿದಾರರ ಮನೆಯಲ್ಲಿ ಸಿಕ್ಕಿತು, ಗುಮಾಸ್ತನ ತಪ್ಪಿಲ್ಲ.

ಹೊರಡುವಾಗ ತಿರುಗಿ ನೋಡಿದೆ. ಮಾಸ್ಟರ್ ಟ್ರಂಕಿನ ಪಕ್ಕ ಕೂತು ಪೇಪರ್ ತಿರುಚುತ್ತಿದ್ದ.

"ಅಷ್ಟು ದಪ್ಪ ಬೇಡ," ಎಂದಳು ಹೆಂಡತಿ. "ಕೊಡಿ ಇಲ್ಲಿ, ತೋರಿಸ್ತೀನಿ."